ದೊಡ್ಡಮ್ಮನ ಮಂಗಳವಾರ

ನಮ್ಮ ದೊಡ್ಡಮ್ಮ ಸುಳ್ಳು ಹೇಳುವವಳಲ್ಲ. ಟೈಲರ್, ಅಷ್ಟೆ. ಬಟ್ಟೆ ಯಾವಾಗ ಸಿಗುತ್ತದೆ ಎಂದು ಯಾರೇ ಕೇಳಲಿ, ಮೂವತ್ತೊಂದು ವರ್ಷಗಳಿಂದ ಅವಳ ಉತ್ತರ ಒಂದೇ: "ಮಂಗಳವಾರ." ಯಾವ ಮಂಗಳವಾರ ಎಂದು ಅವಳು ಹೇಳುವುದಿಲ್ಲ, ಅದನ್ನು ಕೇಳುವಷ್ಟು ದಡ್ಡರು ನಮ್ಮ ಬೀದಿಯಲ್ಲಿ ಈಗ ಉಳಿದಿಲ್ಲ. ಹೊಸದಾಗಿ ಬಾಡಿಗೆಗೆ ಬಂದವರು ಮಾತ್ರ ಮೊದಲ ಮಂಗಳವಾರವೇ ಬಂದು ಅಂಗಡಿಯ ಬಾಗಿಲಲ್ಲಿ ನಿಲ್ಲುತ್ತಾರೆ. ದೊಡ್ಡಮ್ಮ ಅವರನ್ನು ಕೂರಿಸಿ, ಟೀ ಕೊಟ್ಟು, ಮಕ್ಕಳ ಓದು ವಿಚಾರಿಸಿ, "ಕಾಲರ್ ಒಂದು ಬಾಕಿ ಇದೆ, ಮಂಗಳವಾರ ಬನ್ನಿ" ಎಂದು ಕಳಿಸುತ್ತಾಳೆ. ಕಾಲರ್ ಒಂದು ಬಾಕಿ ಎಂದರೆ ಬಟ್ಟೆಗೆ ಇನ್ನೂ ಕತ್ತರಿಯೇ ಬಿದ್ದಿಲ್ಲ ಎಂದು ಅರ್ಥ.

ಬೀದಿಯವರು ಅವಳಿಗೆ ಮಂಗಳವಾರದಮ್ಮ ಎಂದು ಹೆಸರಿಟ್ಟಿದ್ದಾರೆ. ಅದು ಅವಳಿಗೂ ಗೊತ್ತು, ಬೇಜಾರಿಲ್ಲ. ಬೈದುಕೊಂಡೇ ಜನ ಅವಳ ಹತ್ತಿರ ಬರುವುದಕ್ಕೆ ಕಾರಣವೂ ಇದೆ. ಅವಳು ಹೊಲಿದ ಅಂಗಿಯ ಬಟ್ಟೆ ಹರಿಯಬಹುದು, ಹೊಲಿಗೆ ಬಿಚ್ಚುವುದಿಲ್ಲ. ನಮ್ಮಮ್ಮ ಅವಳ ಸ್ವಂತ ತಂಗಿ, ಆದರೂ ರಿಯಾಯಿತಿ ಸಿಗಲಿಲ್ಲ. ಮದುವೆಯ ದಿನ ಬೆಳಿಗ್ಗೆ ಅಮ್ಮನ ಉಡುಪಿಗೆ ಒಂದು ತೋಳು ಇರಲಿಲ್ಲ. ಆ ತೋಳನ್ನು ದೊಡ್ಡಮ್ಮ ಚರ್ಚಿನ ಹಿಂದಿನ ಕೋಣೆಯಲ್ಲಿ, ಒಳಗೆ ಕೀರ್ತನೆ ಶುರುವಾದ ಮೇಲೆ ಕೂರಿಸಿದಳಂತೆ. ಮದುವೆಯ ಫೋಟೋ ನೋಡಿದಾಗಲೆಲ್ಲ ಅಮ್ಮ ತೋಳಿನ ಕಡೆ ಬೆರಳು ತೋರಿಸಿ ಈ ಕಥೆ ಹೇಳುತ್ತಾಳೆ.

ಅಂಗಡಿ ಎಂದರೆ ಒಂದೇ ಕೋಣೆ. ಕಾಲಲ್ಲಿ ತುಳಿಯುವ ಯಂತ್ರ, ಇಸ್ತ್ರಿಪೆಟ್ಟಿಗೆ ಸುಟ್ಟ ಕಂದು ಗುರುತಿರುವ ಕತ್ತರಿಸುವ ಮೇಜು, ಮೇಜಿನ ಕೆಳಗೆ ಚೀಟಿ ಕಟ್ಟಿದ ಬಟ್ಟೆಯ ಗಂಟುಗಳು. ಅವಳಿಗೆ ಮಕ್ಕಳಿಲ್ಲ, ನನಗೆ ಬುದ್ಧಿ ಇಲ್ಲ, ಅದಕ್ಕೇ ಇಬ್ಬರೂ ಸಂಜೆ ಹೊತ್ತು ಅಲ್ಲೇ ಸಿಗುತ್ತೇವೆ ಎಂದು ಅಮ್ಮ ಹೇಳುವುದುಂಟು. ಅಳತೆ ಪುಸ್ತಕ ಬರೆಯುವುದು ನನ್ನ ಕೆಲಸ.

ನಮ್ಮ ಚರ್ಚಿನಿಂದ ಪ್ರತಿ ವರ್ಷ ಎಂಟು ಜನರ ತಂಡ ಹೊರದೇಶದ ಒಂದು ಅನಾಥಾಶ್ರಮಕ್ಕೆ ಮೂರು ವಾರದ ಸೇವೆಗೆ ಹೋಗುತ್ತದೆ. ಆ ವರ್ಷ ನಿವೃತ್ತ ಹೆಡ್‌ಮಾಸ್ಟರರ ಮೊಣಕಾಲು ಕೈಕೊಟ್ಟು ಒಂದು ಜಾಗ ಖಾಲಿಯಾಯಿತು. ಪಾದ್ರಿ ಅದನ್ನು ಹೇಳಿ ಬಾಯಿ ಮುಚ್ಚುವ ಮೊದಲೇ ದೊಡ್ಡಮ್ಮ ಕೈಯೆತ್ತಿದ್ದಳು. ದೇವರ ಕರೆ ಬಂತು ಎಂದು ಅವಳು ಹೇಳುತ್ತಾಳೆ. ಶಾಲೆ ಶುರುವಾಗುವ ತಿಂಗಳು, ಯೂನಿಫಾರಂ ಕೊಟ್ಟ ತಾಯಂದಿರ ಕರೆ ತಪ್ಪಿಸಿಕೊಳ್ಳಲು ಓಡಿದಳು ಎಂದು ಅಮ್ಮ ಹೇಳುತ್ತಾಳೆ. ಎರಡೂ ನಿಜ ಇರಬಹುದು.

ಹೊರಡುವ ಮುಂಚೆ ಪಾದ್ರಿ ಎಂಟೂ ಜನರನ್ನು ಕೂರಿಸಿ ಆಶ್ರಮದ ನಿಯಮಗಳನ್ನು ಓದಿದರು. ನಾಲ್ಕನೆಯದನ್ನು ಎರಡು ಸಲ ಓದಿದರು: ಮಕ್ಕಳಿಗೆ ಯಾವ ಮಾತೂ ಕೊಡಬಾರದು, ಮತ್ತೆ ಬರುತ್ತೇವೆ ಎಂದಂತೂ ಹೇಳಲೇಬಾರದು. ಬಂದವರೆಲ್ಲ ಮುದ್ದು ಮಾಡಿ, ಫೋಟೋ ತೆಗೆಸಿಕೊಂಡು, ಬರ್ತೀವಿ ಎಂದು ಹೇಳಿ ಹೋಗುತ್ತಾರೆ, ಮಕ್ಕಳು ಬಾಗಿಲು ನೋಡುತ್ತಾ ಕೂರುತ್ತವೆ ಎಂದು ಅಲ್ಲಿನ ಮೇಲ್ವಿಚಾರಕಿ ಬರೆದಿದ್ದರಂತೆ. ದೊಡ್ಡಮ್ಮ ಕಾಗದಕ್ಕೆ ಸಹಿ ಹಾಕಿ ಅಲ್ಲೇ ವಾಪಸ್ಸು ಕೊಟ್ಟಳು. ಅವಳು ಹೊತ್ತಿಗೆ ಸರಿಯಾಗಿ ಕೊಟ್ಟ ಮೊದಲ ವಸ್ತು ಅದು.

ಅಲ್ಲಿ ನಡೆದದ್ದನ್ನು ದೊಡ್ಡಮ್ಮ ಹೇಳಿದ್ದರಿಂದ ತಿಳಿದುಕೊಂಡಿದ್ದೇನೆ. ಅವಳ ಮಾತಿನಲ್ಲಿ ಅರ್ಧ ಕಸೂತಿ ಇರುತ್ತದೆ, ಹಾಗಾಗಿ ಆಶ್ರಮದ ವ್ಯಾನ್ ಡ್ರೈವರನ ಹತ್ತಿರ ಫೋನಿನಲ್ಲಿ ಕೇಳಿ ಖಾತ್ರಿ ಮಾಡಿಕೊಂಡೆ. ಈ ಡ್ರೈವರ್ ಹಿಂದೆ ಸರಕಿನ ಹಡಗಿನಲ್ಲಿದ್ದವನು. ನಮ್ಮ ಕಡೆಯ ಒಬ್ಬ ಅಡುಗೆಯವನ ಜೊತೆ ನಾಲ್ಕು ವರ್ಷ ಇದ್ದು ನಮ್ಮ ಭಾಷೆ ಕಲಿತಿದ್ದ. ಕಲಿತದ್ದೆಲ್ಲ ಸರಕು ಹತ್ತಿಸುವ, ಇಳಿಸುವ ಮಾತು. ತಂಡ ಆಶ್ರಮ ಮುಟ್ಟಿದಾಗ ವ್ಯಾನಿನ ಬಾಗಿಲು ತೆಗೆದು, "ಎಲ್ಲಾ ನಿಧಾನ ಇಳಿಸು, ಒಡೆಯಬಾರದು" ಎಂದನಂತೆ. ಅವನೇ ಎಂಟೂ ಜನರ ದುಭಾಷಿ.

ಆಶ್ರಮ ಎರಡು ಅಂತಸ್ತಿನ ಹಳೇ ಕಟ್ಟಡ. ಉದ್ದನೆಯ ಪಡಸಾಲೆಯ ಗೋಡೆಗೆ ಸಾಲಾಗಿ ನಲವತ್ತು ಮೊಳೆ, ಒಂದೊಂದು ಮೊಳೆಗೆ ಒಂದೊಂದು ಕೋಟು. ಏಳು ಜನ ಕಾಂಪೌಂಡಿಗೆ ಬಣ್ಣ ಬಳಿಯಲು ನಿಂತರು. ಹೋದ ವರ್ಷ ಬಂದವರು ಬಳಿದ ಬಣ್ಣ ಇನ್ನೂ ಚೆನ್ನಾಗಿಯೇ ಇತ್ತು, ಆದರೆ ಸೇವೆಗೆ ಬಂದವರಿಗೆ ಏನಾದರೂ ಕೊಡಬೇಕಲ್ಲ. ದೊಡ್ಡಮ್ಮ ಮಾತ್ರ ಉಗ್ರಾಣದಲ್ಲಿ ಮೂಗು ತೂರಿಸಿ, ಬೆಲ್ಟು ಹರಿದು ಬಿದ್ದಿದ್ದ ಒಂದು ಹೊಲಿಗೆ ಯಂತ್ರ ಹುಡುಕಿ ತೆಗೆದಳು. ಅದಕ್ಕೆ ಎಣ್ಣೆ ಕುಡಿಸಿ, ಪಡಸಾಲೆಯ ತುದಿಯ ಕಿಟಕಿ ಕೆಳಗೆ ಎಳೆದುಕೊಂಡು ಕೂತು, ನಲವತ್ತು ಕೋಟುಗಳ ರಿಪೇರಿಗೆ ಇಳಿದಳು.

ಎರಡನೇ ದಿನ ಏಳು ವರ್ಷದ ಒಬ್ಬ ಹುಡುಗಿ ಬಂದು ಮುಷ್ಟಿ ಬಿಚ್ಚಿ ತೋರಿಸಿದಳು. ಅಂಗೈಯಲ್ಲಿ ಕೋಟಿನ ಒಂದು ಗುಂಡಿ. ದೊಡ್ಡಮ್ಮ ಹೊಲಿದು ಕೊಟ್ಟಳು. ಮರುದಿನ ಅದೇ ಹುಡುಗಿ, ಅದೇ ಮುಷ್ಟಿ, ಅದೇ ಗುಂಡಿ. ಅದರ ಮರುದಿನವೂ ಅಷ್ಟೆ. ದೊಡ್ಡಮ್ಮನಿಗೆ ಅವಮಾನವಾಯಿತು. ತನ್ನ ಕೈಯ ಹೊಲಿಗೆ ಒಂದು ದಿನಕ್ಕೆ ಕಿತ್ತು ಬಂದದ್ದು ಹುಟ್ಟಿದ ಮೇಲೆ ಇದೇ ಮೊದಲು. ನಾಲ್ಕನೇ ದಿನ ಜೋಡಿ ದಾರದಲ್ಲಿ ಹೊಲಿದು, ಮೆಲ್ಲಗೆ ಹಿಂದೆಯೇ ಹೋಗಿ ನೋಡಿದಳು. ಹುಡುಗಿ ಮೆಟ್ಟಿಲ ಕೆಳಗೆ ಕೂತು ಆ ಜೋಡಿ ದಾರವನ್ನು ಹಲ್ಲಿನಿಂದ ಕಡಿಯುತ್ತಿದ್ದಳು.

"ಬೈದೆಯಾ?" ಎಂದು ನಾನು ಕೇಳಿದೆ.

"ಯಾಕೆ ಬೈಲಿ? ನನ್ನ ಹತ್ರ ಕೂತ್ಕೊಳ್ಳೋಕೆ ಅವಳಿಗೆ ಒಂದು ನೆಪ ಬೇಕಿತ್ತು. ಐದನೇ ದಿನದಿಂದ ದಾರ ಸಡಿಲ ಬಿಟ್ಟೆ. ಪಾಪ, ಹಾಲುಹಲ್ಲು."

ಆ ಹುಡುಗಿಗೆ ದೊಡ್ಡಮ್ಮ ಗುಂಡಿ ಎಂದೇ ಹೆಸರಿಟ್ಟಳು. ಬೇರೆಯವರಿಗೆ ತೋಡಿದ ಗುಂಡಿಗೆ ತಾವೇ ಬೀಳುವವರನ್ನು ನೋಡಿದ್ದೇನೆ. ತಾನೇ ಹೆಸರಿಟ್ಟ ಗುಂಡಿಗೆ ಬಿದ್ದವಳು ನಮ್ಮ ದೊಡ್ಡಮ್ಮ ಒಬ್ಬಳೇ. ಮೂರು ವಾರ ಇಬ್ಬರೂ ಒಬ್ಬರ ಭಾಷೆ ಒಬ್ಬರಿಗೆ ಬರದೆ ದಿನಕ್ಕೊಂದು ಗಂಟೆ ಪಕ್ಕದಲ್ಲಿ ಕೂತಿರುತ್ತಿದ್ದರು.

ಹೊರಡುವ ದಿನ ಏಳು ಜನ ನಿಯಮದ ಪ್ರಕಾರ ಸುಮ್ಮನೆ ಕೈಬೀಸಿ ವ್ಯಾನ್ ಹತ್ತಿದರು. ದೊಡ್ಡಮ್ಮ ಗೇಟಿನ ಹತ್ತಿರ ಹುಡುಗಿಯ ಕೆನ್ನೆ ಸವರಿ, "ಸರಿ ಗುಂಡಿ, ಬರ್ತೀನಿ" ಎಂದಳು.

ಅದರಲ್ಲಿ ಅವಳ ತಪ್ಪೇನೂ ಇಲ್ಲ. ನಮ್ಮಲ್ಲಿ ಯಾರು ಹೊರಟರೂ ಹಾಗೇ ಹೇಳುವುದು. "ಹೋಗ್ತೀನಿ" ಎಂದು ಬಾಯಿ ತಪ್ಪಿ ಬಂದರೆ ಹಿರಿಯರು ತಡೆದು, ಬರ್ತೀನಿ ಅನ್ನು ಎಂದು ತಿದ್ದುತ್ತಾರೆ. ಜಗಳವಾಡಿ ಮನೆ ಬಿಟ್ಟು ಹೊರಟವನೂ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಬರ್ತೀನಿ ಎನ್ನುತ್ತಾನೆ. ಆದರೆ ಹಡಗಿನಲ್ಲಿ ಈ ಪಾಠ ಆಗಿರಲಿಲ್ಲ. ಡ್ರೈವರ್ ಅಕ್ಷರಕ್ಕೆ ಅಕ್ಷರ ಹೇಳಿದ: ಇವರು ಬರುತ್ತಾರಂತೆ. ಹುಡುಗಿ ಏನೋ ಕೇಳಿದಳು.

"ಯಾವಾಗ ಅಂತ ಕೇಳುತ್ತೆ, ಅಮ್ಮಾ" ಎಂದ ಡ್ರೈವರ್.

"ಮಂಗಳವಾರ" ಎಂದಳು ದೊಡ್ಡಮ್ಮ.

ಹುಟ್ಟುಗುಣ ಸುಟ್ಟರೂ ಹೋಗದು. ಯಾವಾಗ ಎಂಬ ಮಾತು ಕಿವಿಗೆ ಬಿದ್ದರೆ ಮಂಗಳವಾರ ಎಂಬ ಮಾತು ಅವಳ ಬಾಯಿಂದ ತಾನಾಗಿ ಬೀಳುತ್ತದೆ. ಹಾಗೆ ಹೇಳಿದ್ದೂ ತನಗೆ ಗೊತ್ತಾಗಲಿಲ್ಲ ಎಂದು ಅವಳು ಆಣೆ ಮಾಡುತ್ತಾಳೆ, ನಾನು ನಂಬುತ್ತೇನೆ. ಮನೆಗೆ ಬಂದು, ಯೂನಿಫಾರಂ ತಾಯಂದಿರ ಕೈಗೆ ಸಿಕ್ಕಿಬಿದ್ದು, ಎಂದಿನ ಹಾಗೆ ಮಂಗಳವಾರ ಹೇಳುತ್ತಾ ಇದ್ದಳು.

ಎರಡೂವರೆ ತಿಂಗಳ ಮೇಲೆ ಒಂದು ಸಂಜೆ ಪಾದ್ರಿ ಅಂಗಡಿಗೆ ಬಂದರು. ಕೈಯಲ್ಲಿ ಒಂದು ಪತ್ರ.

"ಅಮ್ಮಾ, ನೀವು ಅಲ್ಲಿ ಒಂದು ಮಗೂಗೆ ಮಾತು ಕೊಟ್ಟು ಬಂದ್ರಾ?"

"ಇಲ್ಲ ಅಯ್ಯನವರೇ. ನಾಲ್ಕನೇ ನಿಯಮ ನನಗೆ ಬಾಯಿಪಾಠ."

"ಬರ್ತೀನಿ ಅಂದ್ರಂತೆ."

"ಅಂದೆ. ಬರ್ತೀನಿ ಅಂದ್ರೆ ಹೋಗ್ತೀನಿ ಅಂತ ತಾನೇ?"

"ಮಂಗಳವಾರ ಅಂತಾನೂ ಅಂದ್ರಂತೆ."

ಯಂತ್ರ ನಿಂತಿತು. ಪಾದ್ರಿ ಪತ್ರ ಓದಿದರು. ಮೇಲ್ವಿಚಾರಕಿ ಬರೆದದ್ದು ಚಿಕ್ಕದಾಗಿತ್ತು. ಪ್ರತಿ ಮಂಗಳವಾರ ಶಾಲೆ ಬಿಟ್ಟ ಕೂಡಲೇ ಆ ಹುಡುಗಿ ಕೋಟು ಹಾಕಿಕೊಂಡು ಗೇಟಿನ ಪಕ್ಕದ ಬೆಂಚಿನಲ್ಲಿ ಕೂರುತ್ತಾಳೆ. ಅಳುವುದಿಲ್ಲ, ಹಟ ಮಾಡುವುದಿಲ್ಲ. ಊಟದ ಗಂಟೆ ಹೊಡೆದಾಗ ಎದ್ದು ಒಳಗೆ ಬರುತ್ತಾಳೆ. ಅವರು ಬರುವುದಿಲ್ಲಮ್ಮ ಎಂದು ಹೇಳಿದರೆ, ಮಂಗಳವಾರ ಎಂದಿದ್ದಾರೆ, ಇವತ್ತು ಆ ಮಂಗಳವಾರ ಅಲ್ಲ ಅಷ್ಟೆ ಎನ್ನುತ್ತಾಳೆ. ಗುಂಡಿ ಹೊಲಿದು ಕೊಡಲು ಹೋದರೆ ಯಾರಿಗೂ ಕೊಡುವುದಿಲ್ಲ.

"ಎಷ್ಟು ಮಂಗಳವಾರ ಆಯ್ತು?" ಎಂದಳು ದೊಡ್ಡಮ್ಮ.

"ಹನ್ನೊಂದು" ಎಂದೆ ನಾನು, ಗೋಡೆಯ ಕ್ಯಾಲೆಂಡರ್ ನೋಡಿ.

"ನನ್ನ ಗಿರಾಕಿಗಳು ಮೂರನೇದಕ್ಕೇ ಬಿಟ್ಟುಬಿಡ್ತಾರೆ" ಎಂದಳು ದೊಡ್ಡಮ್ಮ. ಆಮೇಲೆ, "ಮೂವತ್ತೊಂದು ವರ್ಷಕ್ಕೆ ನನ್ನ ಮಂಗಳವಾರ ನಂಬಿದ್ದು ಇದೊಂದು ಮಗು" ಎಂದು ಹೇಳಿ ಮೇಜಿನ ಮೇಲಿದ್ದ ಯಾರದೋ ಪ್ಯಾಂಟಿನ ತುಂಡಿನಲ್ಲಿ ಕಣ್ಣೊರೆಸಿಕೊಂಡಳು. ನನಗೆ ನಗು ಬರುತ್ತಿತ್ತು, ನಡುವೆ ಅಳುವೂ ಬಂತು, ಎರಡನ್ನೂ ತಡೆಯಲು ಹೋಗಿ ಕೆಮ್ಮಿದೆ.

ಬಿಡಿಸಿ ಹೇಳಿ ಒಂದು ಪತ್ರ ಬರೆದರೆ ಸಾಕು ಎಂದರು ಪಾದ್ರಿ. ನಾನೇ ಬರೆದೆ: ನಮ್ಮ ಭಾಷೆಯಲ್ಲಿ ಬರ್ತೀನಿ ಎಂದರೆ ಹೋಗ್ತೀನಿ ಎಂದರ್ಥ, ನಮ್ಮ ದೊಡ್ಡಮ್ಮನ ಭಾಷೆಯಲ್ಲಿ ಮಂಗಳವಾರ ಎಂದರೆ ಗೊತ್ತಿಲ್ಲ ಎಂದರ್ಥ. ಓದಿ ಹೇಳಿದೆ. ದೊಡ್ಡಮ್ಮ ತಲೆಯಾಡಿಸಿದಳು.

"ಎಲ್ಲಾ ಸರಿಯಾಗಿ ಬರೆದಿದೀಯ. ಹರಿದು ಹಾಕು."

"ಮತ್ತೇನು ಮಾಡ್ತೀಯ?"

"ಏನು ಮಾಡೋದು, ಬಟ್ಟೆ ಕೊಡ್ತೀನಿ ಅಂದಮೇಲೆ ಕೊಡಬೇಕು. ಹೋಗಬೇಕು."

ಮೇಲ್ವಿಚಾರಕಿ ಸುಲಭಕ್ಕೆ ಒಪ್ಪಲಿಲ್ಲ. ಒಪ್ಪದಿದ್ದದ್ದು ನ್ಯಾಯವೇ. ಬಂದು ಹೋಗುವವರು ಮಾಡುವ ಗಾಯಕ್ಕೆ ಮುಲಾಮು ಹಚ್ಚುವವರು ಅವರು. ಕೊನೆಗೆ ಒಂದು ಷರತ್ತು ಹಾಕಿ ಬರೆದರು: ಇಂಥ ತಾರೀಖು ಎಂದು ತಿಳಿಸಿ, ನಾನು ಮಗುವಿಗೆ ಹೇಳುತ್ತೇನೆ. ಆ ದಿನ ನೀವು ಬರದಿದ್ದರೆ ಇನ್ನು ಮುಂದೆ ಆಶ್ರಮಕ್ಕೆ ಬರಬೇಡಿ, ಬರೆಯಲೂ ಬೇಡಿ. ದೊಡ್ಡಮ್ಮ ಕ್ಯಾಲೆಂಡರಿನ ಮುಂದೆ ಅರ್ಧ ಗಂಟೆ ನಿಂತು, ಆರು ತಿಂಗಳು ಮುಂದಿನ ಒಂದು ಮಂಗಳವಾರಕ್ಕೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಸುತ್ತು ಹಾಕಿದಳು. ತಾರೀಖಿರುವ ಮಂಗಳವಾರ ಅವಳಿಗೆ ಅಭ್ಯಾಸವಿಲ್ಲ.

"ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು" ಎಂದು ಅಮ್ಮ ನಿಟ್ಟುಸಿರು ಬಿಟ್ಟಳು. "ಅಕ್ಕಾ, ನನ್ನ ತೋಳಿನ ಗತಿ ಆ ಮಗೂಗೆ ತರಬೇಡ."

ಹೊರಡಬೇಕಾದರೆ ಮೇಜಿನ ಕೆಳಗಿನ ಗಂಟುಗಳು ಖಾಲಿಯಾಗಬೇಕು. ಟಿಕೆಟ್ಟಿನ ಅರ್ಧ ಹಣ ಚರ್ಚಿನ ಸಭೆಯವರು ಕೂಡಿಸಿದರು, ಉಳಿದದ್ದಕ್ಕೆ ಅವಳೇ ಯಂತ್ರ ತುಳಿಯಬೇಕಿತ್ತು. ಹೊಸ ಬಟ್ಟೆ ತಂದವರು ಯಾವಾಗ ಎಂದು ಕೇಳಿದರೆ ಅವಳು ಅಳತೆ ಪುಸ್ತಕ ನೋಡಿ, ಬೆರಳು ಮಡಿಸಿ, "ಹದಿನೇಳನೇ ತಾರೀಖು" ಎನ್ನತೊಡಗಿದಳು. ಹದಿನೇಳಕ್ಕೆ ಯಾರೂ ಬರುತ್ತಿರಲಿಲ್ಲ. ಅಭ್ಯಾಸಬಲ. ಕೊನೆಗೆ ಅವಳೇ ಮನೆಮನೆಗೆ ಹೋಗಿ ಕೊಟ್ಟಳು. ಪೋಸ್ಟ್‌ಮ್ಯಾನ್ ಬಾಗಿಲು ತೆಗೆದು, ಇಸ್ತ್ರಿ ಮಾಡಿದ ತನ್ನ ಶರಟು ನೋಡಿ, "ಮೈಯಲ್ಲಿ ಹುಷಾರಾಗಿದ್ದೀರಾ?" ಎಂದು ಕೇಳಿದ. ಗಂಟಿನ ತಳದಲ್ಲಿ ಬ್ಯಾಂಕಿನ ಗುಮಾಸ್ತನ ಮದುವೆ ಕೋಟು ಸಿಕ್ಕಿತು. ಮದುವೆ ಬೇರೆ ಕೋಟಿನಲ್ಲಿ ನಡೆದು, ಈಗ ಅವನ ಮಗನಿಗೆ ಮೂರು ವರ್ಷ. ಕೋಟನ್ನು ಮಗನ ಅಳತೆಗೆ ಇಳಿಸಿ ಕೊಟ್ಟಳು.

ಇನ್ನೊಂದು ಕಾಟವೂ ಶುರುವಾಯಿತು. ಯಾರಾದರೂ ಅಂಗಡಿಯಿಂದ ಎದ್ದು "ಬರ್ತೀನಿ" ಎಂದರೆ ಸಾಕು, ಯಂತ್ರದಿಂದ ತಲೆಯೆತ್ತದೆ "ಯಾವಾಗ?" ಎಂದು ಕೇಳುತ್ತಿದ್ದಳು. ನಾವೆಲ್ಲ ಬಾಯಿ ಬಿಡುತ್ತಿದ್ದೆವು. ಹಾಲಿನವನು ಪಾಪ, "ನಾಳೆ ಬೆಳಿಗ್ಗೆ ಆರಕ್ಕೆ" ಎಂದು ನಿಜ ಹೇಳಿ ಬಚಾವಾದ. ಪಾದ್ರಿಗಳಿಗೆ ಉತ್ತರ ಹೊಳೆಯದೆ ಮತ್ತೆ ಕೂತು ಇನ್ನೊಂದು ಟೀ ಕುಡಿದರು.

ಹೊರಡುವ ವಾರ ಅವಳ ಬಾಯಲ್ಲಿ ಬೇರೊಂದು ಪಾಠ. ಬಟ್ಟೆ ಮಡಿಸುತ್ತಾ "ಹೋಗ್ತೀನಿ, ಹೋಗ್ತೀನಿ" ಎಂದು ಗುನುಗುತ್ತಿದ್ದಳು. ಅಮ್ಮ ಗದರಿದಳು: "ಪ್ರಯಾಣದ ಹೊತ್ತಲ್ಲಿ ಇದೇನು ಅಪಶಕುನದ ಮಾತು?"

"ಶಕುನ ಆ ಮಗೂಗೆ ಗೊತ್ತಿಲ್ಲ ಕಣೇ. ಈ ಸಲ ಬಿಟ್ಟು ಬರೋವಾಗ ಇದ್ದದ್ದನ್ನ ಇದ್ದ ಹಾಗೆ ಹೇಳಬೇಕು. ನಾಲಿಗೆ ತಿರುಗ್ತಾ ಇಲ್ಲ."

ವಿಮಾನ ಅವಳನ್ನು ಸೋಮವಾರ ಬೆಳಿಗ್ಗೆಯೇ ಇಳಿಸಿತು. ಡ್ರೈವರ್ ವ್ಯಾನ್ ತಂದಿದ್ದ. ಆಶ್ರಮ ಅಲ್ಲಿಂದ ಇಪ್ಪತ್ತು ನಿಮಿಷದ ದಾರಿ.

"ಇವತ್ತೇ ಇಳಿಸ್ತೀನಿ, ಅಮ್ಮಾ" ಎಂದ.

"ಬೇಡಪ್ಪ. ಮಂಗಳವಾರ ಅಂದಿದೀನಿ."

ಹೊತ್ತಿಗಿಂತ ಒಂದು ದಿನ ಮುಂಚೆ ತಯಾರಾಗಿ ಕೂತದ್ದು ಅವಳ ಜೀವಮಾನದಲ್ಲಿ ಅದೊಂದೇ ಸಲ. ಬಸ್ ನಿಲ್ದಾಣದ ಪಕ್ಕದ ಲಾಡ್ಜಿನಲ್ಲಿ ಇಡೀ ದಿನ ಕಿಟಕಿಯ ಹತ್ತಿರ ಕೂತಿದ್ದಳಂತೆ. ಕಾಯುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ, ಗಿರಾಕಿಗಳ ಶಾಪ ತಟ್ಟಿತು ಎಂದು ನನಗೆ ಹೇಳಿದಳು.

ಮಂಗಳವಾರ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಇಳಿದಳು. ಹುಡುಗಿ ಬೆಂಚಿನಲ್ಲಿದ್ದಳು. ಒಂದು ಗೇಣು ಬೆಳೆದಿದ್ದಳು, ಕೋಟಿನ ತೋಳು ಮಣಿಕಟ್ಟಿನಿಂದ ಮೇಲೆ ಹೋಗಿತ್ತು. ದೊಡ್ಡಮ್ಮನನ್ನು ನೋಡಿ ಎದ್ದು ನಿಂತಳು, ಓಡಿ ಬರಲಿಲ್ಲ. ತಿರುಗಿ ಒಳಗೆ ಓಡಿಬಿಟ್ಟಳು. ಮುನಿಸಿಕೊಂಡಳು, ಮುಗಿಯಿತು ಎಂದುಕೊಂಡಳು ದೊಡ್ಡಮ್ಮ. ಎರಡು ನಿಮಿಷದಲ್ಲಿ ಹುಡುಗಿ ಮೇಲ್ವಿಚಾರಕಿಯನ್ನು ಕೈಹಿಡಿದು ಎಳೆದುಕೊಂಡು ಬಂದಳು. ದೊಡ್ಡಮ್ಮನ ಕಡೆ ಬೆರಳು ತೋರಿಸಿ ಏನೋ ಒಂದು ಮಾತು ಹೇಳಿದಳು.

"ಏನಂತೆ?" ಎಂದಳು ದೊಡ್ಡಮ್ಮ.

"ನೋಡಿ, ಮಂಗಳವಾರ, ಅನ್ನುತ್ತೆ" ಎಂದ ಡ್ರೈವರ್.

ಆಮೇಲೆ ಹುಡುಗಿ ಹತ್ತಿರ ಬಂದು ಮುಷ್ಟಿ ಬಿಚ್ಚಿದಳು. ಗುಂಡಿ ಅಲ್ಲೇ ಇತ್ತು. ದೊಡ್ಡಮ್ಮ ಕಾಲರಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದಳು, ಆದರೆ ಕಣ್ಣು ಮಂಜಾಗಿ ದಾರ ಪೋಣಿಸಲು ಆಗಲಿಲ್ಲ. ಮೇಲ್ವಿಚಾರಕಿಯೇ ಪೋಣಿಸಿಕೊಟ್ಟರು.

ಈ ಸಲವೂ ಇದ್ದದ್ದು ಮೂರು ವಾರ, ಅಷ್ಟರಲ್ಲಿ ದೊಡ್ಡಮ್ಮ ಗುಂಡಿಯನ್ನು ತಾನೇ ಹೊಲಿದದ್ದು ಆ ಒಂದೇ ಸಲ. ಮರುದಿನದಿಂದ ಸೂಜಿಯನ್ನು ಹುಡುಗಿಯ ಕೈಗೇ ಕೊಟ್ಟಳು. ಬೆರಳು ಚುಚ್ಚಿತು, ದಾರ ಗಂಟಾಯಿತು, ಗುಂಡಿ ವಾರೆಯಾಯಿತು, ಒಮ್ಮೆ ಕೋಟಿನ ಎರಡು ಮಗ್ಗುಲೂ ಸೇರಿ ಹೊಲಿದು ಹೋಯಿತು. ಕೊನೆಯ ವಾರದ ಹೊತ್ತಿಗೆ ಹುಡುಗಿ ಬೇರೆ ಮಕ್ಕಳ ಗುಂಡಿಯನ್ನೂ ಹೊಲಿಯುತ್ತಿದ್ದಳು. ಯಾವಾಗ ಕೊಡ್ತೀಯ ಎಂದು ಆ ಮಕ್ಕಳು ಕೇಳಿದರೆ ಏನು ಹೇಳುತ್ತಿದ್ದಳು ಎಂದು ನಾನು ಕೇಳಿದೆ. ಅದನ್ನು ಕಲಿಸಲಿಲ್ಲ, ಆಣೆಗೂ ಇಲ್ಲ ಎಂದಳು ದೊಡ್ಡಮ್ಮ.

ಹೊರಡುವ ದಿನ ಮತ್ತೆ ಅದೇ ಗೇಟು, ಅದೇ ಮೂವರು. ಹುಡುಗಿಯ ಕೋಟಿನಲ್ಲಿ ಗುಂಡಿ ಬಿಗಿಯಾಗಿ ಕೂತಿತ್ತು, ಅವಳೇ ಹೊಲಿದದ್ದು. ದೊಡ್ಡಮ್ಮ ಊರಲ್ಲಿ ವಾರವಿಡೀ ಮಾಡಿದ್ದ ಪಾಠ ನೆನಪು ಮಾಡಿಕೊಂಡಳು. ಮೊದಲ ಸಲ ಬಾಯಿಗೆ ಬಂದದ್ದು ಬರ್ತೀನಿಯೇ, ಅದನ್ನು ನುಂಗಿದಳು. ಎರಡನೇ ಸಲ ಹೇಳಿದಳು.

"ಗುಂಡಿ, ನಾನು ಹೋಗ್ತೀನಿ."

ಡ್ರೈವರ್ ಅದನ್ನು ಇದ್ದ ಹಾಗೆಯೇ ಹೇಳಿದ. ಹುಡುಗಿ ಯಾವಾಗ ಎಂದು ಕೇಳಲಿಲ್ಲ. ಹಿಂದಿನ ದಿನವೇ ಅವಳು ಡ್ರೈವರನ ಹತ್ತಿರ ಹೋಗಿ, ಇವರ ಊರಲ್ಲಿ ಹೊರಟವರಿಗೆ ಉಳಿದವರು ಏನು ಹೇಳುತ್ತಾರೆ ಎಂದು ಕೇಳಿದ್ದಳಂತೆ. ಅವನು ಹಡಗಿನ ಹಳೇ ಅಡುಗೆಯವನಿಗೆ ಫೋನ್ ಮಾಡಿ ತಿಳಿದುಕೊಂಡು ಕಲಿಸಿದ್ದ. ಹುಡುಗಿ ತಲೆಯೆತ್ತಿ, ಒಂದೊಂದೇ ಅಕ್ಷರ ಬಿಡಿಸಿ, ನಮ್ಮ ಭಾಷೆಯಲ್ಲಿ ಹೇಳಿದಳು.

"ಹೋಗಿ ಬಾ."

ಇದನ್ನು ನನಗೆ ಹೇಳುವಾಗ ದೊಡ್ಡಮ್ಮ ಅಂಗಡಿಯಲ್ಲಿ ಯಾರದೋ ಶರಟಿನ ಬಟ್ಟೆ ಕತ್ತರಿಸುತ್ತಿದ್ದಳು. ಕತ್ತರಿ ನಿಲ್ಲಿಸಲಿಲ್ಲ.

"ನೀನೇನಂದೆ?" ಎಂದು ಕೇಳಿದೆ.

"ಹೂಂ ಅಂದೆ" ಎಂದಳು. "ವಾರ ಹೇಳಲಿಲ್ಲ."